ತಿರುಗಿಸಿದ ಲೆನ್ಸಿನ ಕೆಂಪು ಹುಳ

ಇರುವೆಗೆ ಕಣ್ಣುರೆಪ್ಪೆ ಇಲ್ಲ ಎನ್ನುವುದನ್ನು ಕಣ್ಣಾರೆ ಕಂಡ ದಿನ ನಾನು ಮಧ್ಯಾಹ್ನದ ಊಟ ಮರೆತೆ. ಚನ್ನರಾಯಪಟ್ಟಣದ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಹೊಟ್ಟೆ ಅಡಿಯಾಗಿ ಮಲಗಿದ್ದೆ. ವಯಸ್ಸು ಐವತ್ತರ ಹತ್ತಿರ. ಕೆಲಸ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವುದು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಅಂಥವಳು ಭಾನುವಾರ ನೈಟಿಯ ಮೇಲೆ ಟವೆಲ್ ಹೊದ್ದು ನೆಲಕ್ಕೆ ಅಂಟಿಕೊಂಡಿರುವುದನ್ನು ಕಂಡು ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಮೇಡಂ, ಏನಾರ ಕಳ್ಕಂಡ್ರಾ?" ಎಂದರು. ಇಲ್ಲ ಕಣ್ರೀ, ಸಿಕ್ಕಿದೆ ಎಂದೆ. ಆಕೆ ಒಳಗೆ ಹೋಗಿ ತಮ್ಮ ಯಜಮಾನರನ್ನೂ ಕರೆದುಕೊಂಡು ಬಂದರು, ನೋಡಲಿ ಅಂತ.

ವಿಷಯ ಇಷ್ಟೇ. ಲೆನ್ಸು ಎನ್ನುವುದು ದೊಡ್ಡದನ್ನು ಚಿಕ್ಕದು ಮಾಡುವ ಸಾಧನ. ಇಡೀ ಮದುವೆ ಚಪ್ಪರವನ್ನು, ಮುನಿಸಿಕೊಂಡು ಮೂಲೆಯಲ್ಲಿ ಕೂತ ಬೀಗರ ಸಮೇತ, ಬೆಂಕಿಪೊಟ್ಟಣಕ್ಕಿಂತ ಸಣ್ಣ ಫಿಲ್ಮಿನ ಮೇಲೆ ತಂದು ಕೂರಿಸುತ್ತದೆ. ಅದೇ ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಚಿಕ್ಕದನ್ನು ದೊಡ್ಡದು ಮಾಡುತ್ತದೆ. ಅಂಶವನ್ನೂ ಛೇದವನ್ನೂ ಅದಲುಬದಲು ಮಾಡಿದ ಹಾಗೆ. ಗಣಿತದವಳಿಗೆ ಇದಕ್ಕಿಂತ ಸುಖ ಏನು ಬೇಕು? ಫೋನಿನಲ್ಲಿ ಯಾರೋ ಹೀಗೆ ಮಾಡಿ ತೋರಿಸಿದ ವೀಡಿಯೊ ನೋಡಿದ ಮೇಲೆ ನನ್ನ ತಲೆ ನಿಂತಲ್ಲಿ ನಿಲ್ಲಲಿಲ್ಲ. ಯಜಮಾನರು ಹುಮ್ಮಸ್ಸಿನಲ್ಲಿ ಕೊಂಡು ಬೀರುವಿನಲ್ಲಿ ಮಲಗಿಸಿದ್ದ ಡಿಜಿಟಲ್ ಕ್ಯಾಮೆರಾ ಮನೆಯಲ್ಲಿತ್ತು. ಆದರೆ ಅದರ ಹೊಸ ಲೆನ್ಸು ಈ ಆಟಕ್ಕೆ ಬಾರದು. ಅದರೊಳಗಿನ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವುದು ಕ್ಯಾಮೆರಾದ ಕರೆಂಟು, ತಿರುಗಿಸಿದರೆ ಕರೆಂಟು ಕೈಕೊಡುತ್ತದೆ. ಬೇಕಾದದ್ದು ಎಲ್ಲವನ್ನೂ ಕೈಯಲ್ಲೇ ತಿರುಗಿಸುವ ಹಳೆಯ ಕಾಲದ ಲೆನ್ಸು. ಅಂಥದ್ದು ನನಗೆ ಗೊತ್ತಿದ್ದಂತೆ ಒಬ್ಬರ ಬಳಿ ಇತ್ತು: ಹೊಳೆನರಸೀಪುರದ ನನ್ನ ಸೋದರಮಾವನ ಬಳಿ.

ಮಾವ ಹೊಳೆನರಸೀಪುರದಲ್ಲಿ ಫೋಟೋ ಸ್ಟುಡಿಯೊ ಇಟ್ಟಿದ್ದವರು. ಅತ್ತ ಮಲ್ಲಿಪಟ್ಟಣ, ಇತ್ತ ಕೊಣನೂರಿನವರೆಗೆ ಮದುವೆಯೆಂದರೆ ಮಾವನ ಕ್ಯಾಮೆರಾ ಬರಬೇಕು, ಆಮೇಲೆ ಪುರೋಹಿತರು. ಅವರ ಫೋಟೋಗಳಿಗೆ ಒಂದು ಗುರುತಿತ್ತು. ಎಲ್ಲೋ ಒಂದು ಕಡೆ ಸಣ್ಣ ಕಪ್ಪು ಚುಕ್ಕೆ ಇದ್ದೇ ಇರುತ್ತಿತ್ತು. ಮದುಮಗಳ ಗಲ್ಲದ ಮೇಲೋ, ಪುರೋಹಿತರ ಹೊಟ್ಟೆಯ ಮೇಲೋ, ನನ್ನದೇ ಮದುವೆಯ ಆಲ್ಬಮ್ಮಿನಲ್ಲಿ ಲಾಡಿನ ಮೇಲೋ. ಗಿರಾಕಿಗಳು ಕೇಳಿದರೆ ಮಾವ ಗಂಭೀರವಾಗಿ, "ದೃಷ್ಟಿಬೊಟ್ಟು ಕಣಪ್ಪ, ಪುಗಸಟ್ಟೆ ಇಕ್ಕೊಟ್ಟಿವ್ನಿ" ಎನ್ನುತ್ತಿದ್ದರು. ಗಿರಾಕಿ ಅತ್ತ ಹೋದ ಕೂಡಲೇ ಹಾಸನದ ಕಲರ್ ಲ್ಯಾಬಿನ ಮಾಲೀಕರಿಗೆ ಫೋನು. "ಕಸ ಗುಡಿಸ್ದೆ ಪ್ರಿಂಟಾಕ್ತೀಯೇನಯ್ಯಾ?" ಆ ಮಾಲೀಕರೂ ಮಾವನೂ ಮೊದಲು ಗಳಸ್ಯ ಕಂಠಸ್ಯ, ಒಂದೇ ಎಲೆಯಲ್ಲಿ ಉಂಡವರು. ಚುಕ್ಕೆಯ ಜಗಳ ಬೆಳೆದು ಬೆಳೆದು ಕೊನೆಗೆ ಮಾತೇ ನಿಂತುಹೋಗಿತ್ತು. ಈಗ ಲ್ಯಾಬೂ ಇಲ್ಲ, ಸ್ಟುಡಿಯೊದಲ್ಲಿ ಗಿರಾಕಿಯೂ ಇಲ್ಲ, ಮುನಿಸು ಮಾತ್ರ ಇತ್ತು.

ಈಚೆಗೆ ಸ್ಟುಡಿಯೊದ ಶಟರು ಏಳುತ್ತಿದ್ದದ್ದು ಆಯುಧ ಪೂಜೆಗೆ ಮಾತ್ರ. ಅತ್ತೆ ಬದುಕಿದ್ದಾಗ ಆ ದಿನ ಅವರ ಕೈಗೆ ಅರಿಶಿನ ಕುಂಕುಮದ ಬಟ್ಟಲು ಬಂತೆಂದರೆ ಯಾವುದಕ್ಕೂ ಬಿಡುಗಡೆ ಇರಲಿಲ್ಲ. ಈಳಿಗೆಮಣೆ, ಛತ್ರಿ, ಟಿವಿಯ ರಿಮೋಟು, ಮಾವನ ಕಟ್ಟಿಸಿದ ಹಲ್ಲಿನ ಡಬ್ಬಿ, ಎಲ್ಲಕ್ಕೂ ಬೊಟ್ಟು. ಟವೆಲ್ ಹಾಸಿ ಸಾಲಾಗಿ ಇಟ್ಟ ಲೆನ್ಸುಗಳ ಹತ್ತಿರ ಬಂದಾಗ ಮಾತ್ರ ಪ್ರತಿ ವರ್ಷ ಜಗಳ. "ಗಾಜಿಗೆ ಮುಟ್ಟುಸ್ಬ್ಯಾಡ ಕಣೇ! ಲೆನ್ಸಿಗೆ ಊವಾ ಸಾಕು!" ಎಂದು ಮಾವ ಕೂಗುತ್ತಿದ್ದರು. ಅತ್ತೆ ಸುಮ್ಮನಾಗುತ್ತಿದ್ದರು. ಅವರು ಸುಮ್ಮನಾದರೆ ಸೋತರು ಎಂದೇ ಮಾವ ತಿಳಿದಿದ್ದರು. ಅತ್ತೆ ಹೋದ ಮೇಲೆ ಮಾವ ತಾವೇ ಒಂದೊಂದು ಹೂವಿಟ್ಟು ಕೈಮುಗಿದು ಶಟರು ಎಳೆಯುತ್ತಿದ್ದರು.

ಲೆನ್ಸು ಕೇಳಲು ಹೋದಾಗ ಮಾವ ಅದನ್ನು ಮೆತ್ತನೆಯ ಹಳದಿ ಬಟ್ಟೆಯಿಂದ ಬಿಚ್ಚಿ, ಮೊಮ್ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ನಾನು ಬಾಯಿ ತಡೆಯಲಾರದೆ ಅದನ್ನು ತಿರುಗಿಸಿ ಸಿಕ್ಕಿಸುವ ವಿಷಯ ಹೇಳಿಬಿಟ್ಟೆ. ಮಾವನ ಮುಖ ಕೆಂಪಾಯಿತು.

"ಇಂದ್ಮುಂದಾಗಾ? ಎಮ್ಮೆಗೆ ಬಾಲದ್ ಕಡಿಂದ ಉಲ್ಲು ತಿನ್ಸಕ್ಕೊಯ್ತಿಯಾ?"

"ಮಾವ, ಇರುವೆಯ ಮೀಸೆ ಎಣಿಸಬಹುದು."

"ಎಣಿಸ್ಕಂಡ್ ಏನ್ ಮಾಡೀಯವ್ವ?"

ನನ್ನ ಮುಖದಲ್ಲಿ ಏನು ಕಂಡಿತೋ, ಮಾವ ಮೆತ್ತಗಾದರು. ಕೊಟ್ಟರು, ಆದರೆ ಕರಾರಿನ ಮೇಲೆ. "ಆಯುಧ ಪೂಜೆ ಒತ್ಗೆ ತಕಂಡ್ ಬಾ. ನಾನೇ ನೋಡ್ತೀನಿ. ಒಂದ್ ಗೀರು, ಒಂದ್ ಕಲೆ ಇಲ್ದಂಗಿದ್ರೆ ನಿಂಗೇ ಅದು. ಇತ್ತೋ, ವಾಪಸ್ ಪೆಟ್ಗೇಗೆ. ಆಮ್ಯಾಕೆ ಅಳಂಗಿಲ್ಲ." ಒಪ್ಪಿಕೊಂಡೆ. ಚಿನ್ನದ ಸರ ಕೊಟ್ಟಿದ್ದರೂ ಬಸ್ಸಿನಲ್ಲಿ ಅಷ್ಟು ಬಿಗಿಯಾಗಿ ಎದೆಗವಚಿಕೊಂಡು ಬರುತ್ತಿರಲಿಲ್ಲ.

ಮುಂದಿನದು ಶುದ್ಧ ಹುಚ್ಚು. ಅಂಚೆಯಲ್ಲಿ ಬಳೆಯಂಥ ಒಂದು ರಿಂಗು ತರಿಸಿದೆ. ಅದರ ಒಂದು ಬದಿ ಕ್ಯಾಮೆರಾಕ್ಕೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ಬದಿ ಲೆನ್ಸಿನ ಮೂತಿಯ ತಿರುಪಿಗೆ ಕೂರುತ್ತದೆ. ಲೆನ್ಸಿನ ಹಿಂಭಾಗ ಈಗ ಲೋಕದ ಕಡೆಗೆ. ಫ್ಲ್ಯಾಶಿನ ಬೆಳಕು ಕಣ್ಣಿಗೆ ಹೊಡೆಯದಂತೆ ಮೊಸರಿನ ಬಿಳಿ ಡಬ್ಬಿಯ ತಳ ಕತ್ತರಿಸಿ ಸುತ್ತ ಕಟ್ಟಿದೆ. ಫೋಕಸ್ ಮಾಡುವುದು ಕೈಯಲ್ಲಲ್ಲ, ಮೈಯಲ್ಲಿ: ಇಡೀ ದೇಹವನ್ನೇ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಆಡಿಸಬೇಕು. ಉಸಿರಾಡಿದರೆ ಇರುವೆ ಮಸುಕು. ಯಜಮಾನರು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು, "ಉಸ್ರು ಬಿಡೇ ಮಾರಾಯ್ತಿ, ಇರುವೆ ಇನ್ನೊಂದ್ ಸಿಗುತ್ತೆ, ನಿನ್ನನ್ನ ಎಲ್ಲಿಂದ ತರೋದು" ಎನ್ನುತ್ತಿದ್ದರು. ನನಗೆ ನಗು ಬಂದು ಇರುವೆ ಮತ್ತೆ ಮಸುಕು.

ಆದರೂ ಏನೇನು ಕಂಡೆ! ಕರಿಬೇವಿನ ಎಲೆಯ ಮೇಲೆ ಎಣ್ಣೆಯ ಬುಗ್ಗೆಗಳಿವೆ. ಸೊಳ್ಳೆಗೆ ಗರಿಯಂಥ ಮೀಸೆ ಇದೆ, ನೋಡಿದರೆ ಹೊಡೆಯಲು ಕೈ ಬರುವುದಿಲ್ಲ, ಆದರೂ ಹೊಡೆದೆ. ಕ್ಲಾಸಿನಲ್ಲಿ ವೃತ್ತದ ಪ್ರಮೇಯ ಹೇಳುತ್ತ ಹೇಳುತ್ತ ಸೀಮೆಸುಣ್ಣದ ಪುಡಿ ಹತ್ತಿರದಿಂದ ಹೇಗಿದ್ದೀತು ಎಂದು ನಿಂತುಬಿಡುತ್ತಿದ್ದೆ.

ಒಂದೇ ಕೊರತೆ. ಇರುವೆಯ ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು, ಮೀಸೆ ಸ್ಪಷ್ಟವಾದರೆ ಕಣ್ಣು ಮಸುಕು. ಎರಡೂ ಬೇಕೆಂದರೆ ಬೆಳಕಿನ ಕಿಂಡಿಯನ್ನು ಕಿರಿದು ಮಾಡಬೇಕು, ಅದಕ್ಕೆ ಲೆನ್ಸಿನ ಹಿಂಭಾಗದಲ್ಲಿರುವ ಒಂದು ಪುಟ್ಟ ಮೊಳೆಯನ್ನು ಒತ್ತಿ ಹಿಡಿದಿರಬೇಕು. ಬೆಂಕಿಕಡ್ಡಿಯ ತುಂಡೊಂದನ್ನು ಮೊಳೆಯ ಸಂದಿಗೆ ಒತ್ತಿ ತುರುಕಿದೆ. ಕೂತಿತು. ಆ ದಿನವೇ ಹುಳ ಕಾಣಿಸಿಕೊಂಡಿತು.

ಕೆಂಪೆಂದರೆ ಅಂಥ ಕೆಂಪನ್ನು ನಾನು ಕಂಡಿರಲಿಲ್ಲ. ದೊಡ್ಡಪತ್ರೆಯ ಎಲೆಯ ರೋಮಗಳ ನಡುವೆ, ಮೂಲೆಮೂಲೆಯಾದ ಮೈ, ಕಾಲು ಮಡಿಸಿ ಕೂತಂತಿತ್ತು. ಪಕ್ಕದಲ್ಲಿ ಹಳದಿ ಮೊಟ್ಟೆಗಳು. ಮಾರನೆಯ ದಿನ ತುಂಬೆ ಹೂವಿನಲ್ಲಿ ಅದೇ ಹುಳ. ಅದರ ಮಾರನೆಯ ದಿನ ಕಟ್ಟಿರುವೆಯ ಬೆನ್ನ ಮೇಲೆ ಸವಾರಿ! ಪುಸ್ತಕ ನೋಡಿದೆ, ಫೋನಿನಲ್ಲಿ ಹುಡುಕಿದೆ, ಇಂಥದ್ದೇ ಎನ್ನುವಂಥದ್ದು ಎಲ್ಲೂ ಸಿಗಲಿಲ್ಲ. ಎಲ್ಲ ಗಿಡದಲ್ಲೂ ಇದೆ, ಯಾವ ಪುಸ್ತಕದಲ್ಲೂ ಇಲ್ಲ. ಅಂದರೆ ಇಷ್ಟು ದಿನ ಯಾರೂ ನೋಡಿಲ್ಲ. ಚನ್ನರಾಯಪಟ್ಟಣದ ಗಣಿತದ ಮೇಡಂ ಹೊಸ ನುಸಿಯೊಂದನ್ನು ಕಂಡುಹಿಡಿದಿದ್ದಾಳೆ! ನಾನು ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದೆ. ಸುಳ್ಳೇಕೆ ಹೇಳಲಿ, ಎರಡು ಸುತ್ತು.

ಶ್ರಾವಣದಲ್ಲಿ ರಾಮನಾಥಪುರಕ್ಕೆ, ಅಕ್ಕನ ಮನೆಗೆ ಹೋದೆ. ಭಾವನದು ಹೊಗೆಸೊಪ್ಪಿನ ಬೇಸಾಯ. ಎಲೆ ಬಲಿತು ಮುರಿಯುವ ಕಾಲ, ಸೊಪ್ಪು ಒಣಗಿಸಿ ಬೇಯಿಸುವ ಬ್ಯಾರನ್ ಮನೆಗಳಿಂದ ಊರಿಗೆಲ್ಲ ಸಿಹಿಗಾಟು ವಾಸನೆ. ನಾನು ಚೀಲ ಇಳಿಸಿದವಳೇ ಹೊಲಕ್ಕೆ ಓಡಿ ಒಂದು ಹೊಗೆಸೊಪ್ಪಿನ ಎಲೆಯ ಮೇಲೆ ಬಗ್ಗಿದೆ. ಇತ್ತು! ಕೆಂಪು ಹುಳ, ಹಳದಿ ಮೊಟ್ಟೆ ಸಮೇತ. ಹೆಮ್ಮೆಯಿಂದ ಕ್ಯಾಮೆರಾದ ಪರದೆಯಲ್ಲಿ ಭಾವನಿಗೆ ತೋರಿಸಿದೆ.

ಭಾವನ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. "ನುಸಿ ಬಿದ್ಬುಟ್ಟದೆ ಕಣೇ!" ಎಂದು ಅಕ್ಕನನ್ನು ಕೂಗಿದರು. ಪರದೆಯ ಚಿತ್ರವನ್ನು ತಮ್ಮ ಫೋನಿನಲ್ಲಿ ಹಿಡಿದು ಬೆಳೆಗಾರರ ಗುಂಪಿಗೆ ಕಳಿಸಿದರು. ಅರ್ಧ ಗಂಟೆಯೊಳಗೆ ಕೊಣನೂರಿನಿಂದ ಫೋನು. ಸಂಜೆಯ ಹೊತ್ತಿಗೆ ಸುತ್ತಲ ಹೊಲಗಳಲ್ಲೆಲ್ಲ ಜನ ಓದುವ ಕನ್ನಡಕ ಹಾಕಿಕೊಂಡು ಎಲೆ ಮಗುಚಿ ನೋಡುತ್ತಿದ್ದರು. ಒಬ್ಬರು ತಮಗೆ ನಾಲ್ಕು ಕಂಡವು ಎಂದರು. ಇನ್ನೊಬ್ಬರು ತಮ್ಮಲ್ಲಿ ರೆಕ್ಕೆ ಬಂದಿದೆ ಎಂದರು. ಭಾವ ಔಷಧಿಯ ಡ್ರಮ್ಮು ಉರುಳಿಸಿಕೊಂಡು ಬಂದು, "ಬೆಳಗ್ಗೆದ್ದು ಒಡ್ದುಬುಡ್ತೀನಿ" ಎಂದಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತಳು.

"ಮುರಿಯೋ ಸೊಪ್ಪಿಗೆ ಔಷ್ದಿ ಒಡೀತಾರಾ? ತಲೆ ನೆಟ್ಟಗದಾ? ಎಲ್ಲದೆ ಆ ಹುಳ, ತೋರ್ಸಮ್ಮಿ ಮೊದ್ಲು."

ನಾನು ಫೋಟೋ ತೆಗೆದ ಎಲೆಯನ್ನೇ ತೋರಿಸಿದೆ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ಹುಳದ ಮೇಲೆ ಒತ್ತಿ, ಹೆಬ್ಬೆರಳಿನಲ್ಲಿ ಉಜ್ಜಿ, ನೇರ ತನ್ನ ಹಣೆಗೆ ಇಟ್ಟುಕೊಂಡಳು. ಭಾವ "ಅಯ್ಯಯ್ಯೋ" ಎಂದರು.

"ಕುಂಕುಮ ಕಣೇ ಇದು," ಎಂದಳು ಅಕ್ಕ.

ಭಾವ ಕೊನೆಯ ಆಸೆ ಬಿಡದೆ, "ಅಂಗಾರೆ ಮೊಟ್ಟೆ?" ಎಂದರು.

"ಅರಿಶ್ಣ."

ಅಕ್ಕ ಹೊಲದ ಬದುವಿನ ಮೇಲೆ ಕುಸಿದು ಕೂತು ನಕ್ಕಳು. ಅವಳು ನಕ್ಕದ್ದು ನೋಡಿ ಭಾವನೂ ನಕ್ಕರು, ಆಮೇಲೆ ನಾನೂ. ಕಣ್ಣೀರು ಬರುವವರೆಗೆ ನಕ್ಕ ಮೇಲೆ ಒಂದೇ ಪ್ರಶ್ನೆ ಉಳಿಯಿತು. ಹೊಗೆಸೊಪ್ಪಿನ ಎಲೆಗೆ, ತುಂಬೆ ಹೂವಿಗೆ, ಇರುವೆಯ ಬೆನ್ನಿಗೆ ಅರಿಶಿನ ಕುಂಕುಮ ಇಟ್ಟವರು ಯಾರು? ಲೆನ್ಸನ್ನು ಬೆಳಕಿಗೆ ಹಿಡಿದು ಅದರ ಹಿಂಬದಿ ನೋಡಿದೆ. ನಾನು ಕಡ್ಡಿ ತುರುಕಿದ ಆ ಸಂದಿಯೊಳಗೆ, ಸುತ್ತಲಿನ ಕರಿಬಳೆಯ ಕೆಳಗೆ, ಜಿಡ್ಡಿನೊಂದಿಗೆ ಗಟ್ಟಿಯಾಗಿ ಮೆತ್ತಿಕೊಂಡ ಕೆಂಪು, ಅಂಚಿನಲ್ಲಿ ಹಳದಿ. ಕಡ್ಡಿ ಕೆರೆದಲ್ಲಿ ಪುಡಿಯೆದ್ದಿತ್ತು. ಬಗ್ಗಿ ಫೋಟೋ ತೆಗೆದಾಗಲೆಲ್ಲ ಉದುರಿದ್ದು ಅದೇ.

ನನ್ನ ನಗು ಅಲ್ಲಿಗೆ ನಿಂತಿತು. ಒಂದ್ ಕಲೆ ಇಲ್ದಂಗಿದ್ರೆ ನಿಂಗೇ ಎಂದಿದ್ದರು ಮಾವ. ಇಲ್ಲಿ ಕಲೆಯಲ್ಲ, ಒಂದು ಚಿಟಿಕೆ ಕುಂಕುಮವೇ ಇತ್ತು, ಅದೂ ಯಾವುದನ್ನು ಲೆನ್ಸಿನ ಹತ್ತಿರ ಸುಳಿಯಬಾರದು ಎಂದು ಜೀವಮಾನವಿಡೀ ಕೂಗಾಡಿದ್ದರೋ ಅದು. ನಾನೇ ಪೂಜೆ ಮಾಡಿ ಹಾಳುಮಾಡಿದೆ ಎಂದುಕೊಳ್ಳುವುದು ಖಂಡಿತ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೆಳೆಗಾರರ ಗುಂಪಿನಿಂದ ಗುಂಪಿಗೆ ಹಾರಿ ಚಿತ್ರ ಹೊಳೆನರಸೀಪುರ ತಲುಪಿತ್ತು.

"ನನ್ ಲೆನ್ಸಲ್ಲಿ ಅದೇನೋ ಒಸಾ ಹುಳ ಸಿಕ್ತಂತಲ್ಲವ್ವ!" ಮಾವನ ದನಿಯಲ್ಲಿ ಎಂದೂ ಇಲ್ಲದ ಹಿಗ್ಗು. "ಬೀದಿಗೆಲ್ಲ ಏಳಿವ್ನಿ. ತಕಂಡ್ ಬಾ, ನೋಡನ."

ಬೆಳಗ್ಗೆ ಹೊರಟೆ. ಅರಕಲಗೂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಲೆನ್ಸು ತೆಗೆದೆ, ಕರವಸ್ತ್ರ ತೆಗೆದೆ, ಹೇರ್‌ಪಿನ್ನೂ ತೆಗೆದೆ. ಒರೆಸಿ ಕೆರೆದುಬಿಟ್ಟರೆ ಲೆನ್ಸು ನನ್ನದು, ಕೇಳುವವರಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿ ನಾನು ಕಿವಿ ಶುಚಿ ಮಾಡಿಕೊಳ್ಳುತ್ತೇನೆಂದು ತಿಳಿದು, "ಅಗುರ್ವಾಗಿ ಕಣವ್ವ" ಎಂದರು. ಕೈ ತಡೆಯಿತು. ಧರ್ಮಬುದ್ಧಿಯೇನಲ್ಲ. ಉತ್ತರ ಸಿಗದ ಲೆಕ್ಕವನ್ನು ಬೋರ್ಡಿನಿಂದ ಒರೆಸಲು ನನ್ನ ಕೈಯಲ್ಲಿ ಆಗುವುದಿಲ್ಲ. ಈ ಕುಂಕುಮ ನಾನಿಟ್ಟದ್ದಲ್ಲ. ಇಟ್ಟವರು ಯಾರು ಎಂದು ತಿಳಿಯದೆ ನಾನು ಸತ್ತರೂ ನಿದ್ದೆ ಬಾರದು. ಹೇರ್‌ಪಿನ್ ತಲೆಗೆ ಸಿಕ್ಕಿಸಿ ಹೊಳೆನರಸೀಪುರದ ಬಸ್ಸು ಹತ್ತಿದೆ.

ಮಾವ ಸ್ಟುಡಿಯೊದ ಶಟರು ಎತ್ತಿ, ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. ನಾನು ಒಂದೇ ಉಸಿರಿಗೆ ಹೇಳಿದೆ: ಹುಳವಲ್ಲ ಮಾವ, ಕುಂಕುಮ, ಲೆನ್ಸಿನ ಹಿಂದೆ ಇತ್ತು, ನಾನು ಇಟ್ಟಿಲ್ಲ, ದೇವರಾಣೆ. ಮಾವ ನೆಗೆಟಿವ್ ನೋಡುವ ಭೂತಗಾಜನ್ನು ಕಣ್ಣಿಗಿಟ್ಟು ಲೆನ್ಸಿನ ಹಿಂಬದಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ತಿರುಗಿಸುತ್ತ ತಿರುಗಿಸುತ್ತ ನಿಂತರು. ಲೆನ್ಸು ಹೋಯಿತು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

"ಗಾಜಿಗೆ ಮುಟ್ಟುಸ್ಬ್ಯಾಡ ಅಂದಿದ್ದೆ," ಎಂದರು ಕೊನೆಗೆ. ನನಗೆ ಹೇಳಿದ್ದಲ್ಲ. "ಮುಟ್ಸಿಲ್ಲ ನೋಡು. ಗಾಜಿಗೆ ಒಂದ್ ಚೂರೂ ಮುಟ್ಸಿಲ್ಲ. ನಂಗೆ ಕಾಣ್ದಂಗೆ ಇಂದ್ಗಡೆ ಸಂದೀಗ್ ಮೆತ್ತವ್ಳೆ. ವರ್ಸ ವರ್ಸಾನೂ ಮೆತ್ತವ್ಳೆ!"

ಆಗ ನನಗೂ ಹೊಳೆಯಿತು. ಅತ್ತೆ ಸುಮ್ಮನಾದದ್ದು ಸೋತು ಅಲ್ಲ.

ಮಾವ ಥಟ್ಟನೆ ಎದ್ದು ಕಪಾಟಿನಿಂದ ಹಳೆಯ ಮದುವೆ ಆಲ್ಬಮ್ಮೊಂದನ್ನು ಎಳೆದು ಮೇಜಿನ ಮೇಲೆ ಹರಡಿದರು. ಮದುಮಗನ ಪೇಟದ ಮೇಲೆ ಚುಕ್ಕೆ. ಪುಟ ಮಗುಚಿದರು. ತೆಂಗಿನಕಾಯಿಯ ಮೇಲೆ ಚುಕ್ಕೆ. ಮತ್ತೆ ಮಗುಚಿದರು. ಲೆನ್ಸಿನ ಹಿಂದಿನಿಂದ ಉದುರಿದ್ದು ಎಲ್ಲಿಗೆ ಹೋಗುತ್ತದೆ? ಕ್ಯಾಮೆರಾದ ಹೊಟ್ಟೆಗೆ, ಫಿಲ್ಮಿನ ಮೇಲೆ. ಕುಂಕುಮದ ಕಣ ಕೂತಲ್ಲಿ ಬೆಳಕು ತಾಗುವುದಿಲ್ಲ, ಬೆಳಕು ತಾಗದ ಕಡೆ ಪ್ರಿಂಟಿನಲ್ಲಿ ಕಪ್ಪು.

"ದೃಷ್ಟಿಬೊಟ್ಟು ಅಂತ ಸುಳ್ಳೇಳ್ತಿದ್ನಲ್ಲವ್ವ ನಾನು," ಎಂದರು ಮಾವ. "ದಿಟವಾಗ್ಲೂ ಬೊಟ್ಟೇ ಕಣೇ ಅದು! ಮೂರು ತಾಲ್ಲೂಕಿನ ಮದ್ವೇಗೆಲ್ಲ ನಿಮ್ಮತ್ತೆ ಬೊಟ್ಟಿಕ್ಕವ್ಳೆ!"

ನಕ್ಕರು ನೋಡಿ, ಕಟ್ಟಿಸಿದ ಹಲ್ಲು ಸಡಿಲವಾಗಿ ಕೈಯಲ್ಲಿ ಹಿಡಿದುಕೊಳ್ಳುವ ಹಾಗೆ ನಕ್ಕರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ಯಾವ ನೀರು ಎಂದು ನಾನು ನೋಡಹೋಗಲಿಲ್ಲ. ಆಮೇಲೆ ಫೋನು ತೆಗೆದು ಹಾಸನದ ಆ ಲ್ಯಾಬಿನ ಮಾಲೀಕರ ನಂಬರು ಹುಡುಕಿ ಕೊಡು ಎಂದರು. ನಂಬರು ಅವರ ಫೋನಿನಲ್ಲೇ ಇತ್ತು, ಅಳಿಸಿರಲಿಲ್ಲ. ಅತ್ತ ಕಡೆಯವರು ಎತ್ತಿದರು.

"ನಾನ್ ಕಣಯ್ಯ," ಎಂದರು ಮಾವ. "ಆ ಚುಕ್ಕೆ ಇತ್ತಲ್ಲ, ಅದು ನಿಂದಲ್ಲ ಕಣಯ್ಯ. ನನ್ನೆಂಡ್ರುದು."

ಅತ್ತಲಿಂದ ಏನು ಬಂತೋ ನನಗೆ ಕೇಳಲಿಲ್ಲ. ಬಹಳ ಹೊತ್ತು ಬರುತ್ತಲೇ ಇತ್ತು. ಮಾವ ಮಾತ್ರ "ಊಂ, ಬೈಯಿ, ಬೈಯಿ" ಎನ್ನುತ್ತ ಖುಷಿಯಿಂದ ತಲೆಯಾಡಿಸುತ್ತಿದ್ದರು. ಮುಂದಿನ ವಾರ ಇಬ್ಬರೂ ಹಾಸನದ ಹೋಟೆಲೊಂದರಲ್ಲಿ ಸೇರಿ ಮಸಾಲೆದೋಸೆ ತಿಂದರು ಎಂದು ಆಮೇಲೆ ತಿಳಿಯಿತು.

ಮಾವ ಲೆನ್ಸನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. "ಕರಾರು ಕರಾರೇ, ಆಯುಧ ಪೂಜೆಗೆ ತರ್ಬೇಕು. ಅಲ್ಲೀಗಂಟ ಅದ್ನ ಒರುಸ್ಬ್ಯಾಡ" ಎಂದಷ್ಟೇ ಹೇಳಿದರು. ಅಲ್ಲಿಯವರೆಗೆ ನಾನು ತೆಗೆದ ಫೋಟೋಗಳಲ್ಲಿ ಎಷ್ಟೋ ಹುಳ ಹುಪ್ಪಟೆಗಳು ಮುತ್ತೈದೆಯರಾಗಿವೆ.

ಆಯುಧ ಪೂಜೆಯ ಬೆಳಿಗ್ಗೆ ಹೊಳೆನರಸೀಪುರಕ್ಕೆ ಹೋದೆ. ಮಾವ ಟವೆಲ್ ಹಾಸಿ ಲೆನ್ಸುಗಳನ್ನು ಸಾಲಾಗಿ ಇಟ್ಟಿದ್ದರು, ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ನನ್ನದನ್ನು ಅಲ್ಲಿ ಇಟ್ಟೆ. ಮಾವ ಒಂದೊಂದಕ್ಕೂ ಹೂವಿಟ್ಟರು. ಆಮೇಲೆ ಅತ್ತೆಯ ಅರಿಶಿನ ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ದನಿ ಏರಿಸಿ ಕೂಗಿದರು. "ಗಾಜಿಗೆ ಮುಟ್ಟುಸ್ಬ್ಯಾಡ ಕಣೇ! ಲೆನ್ಸಿಗೆ ಊವಾ ಸಾಕು!"

ಹಾಗೆ ಹೇಳಿ ನನಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ನಾನು ಮುಗಿಸುವವರೆಗೂ ಕೈಕಟ್ಟಿಕೊಂಡು ನಿಂತಿದ್ದರು.